ಅಪ್ಪನಿಗೆ ಬೇರೆ ಹಾಳೆ ಕೊಡಿ

(ಶಿವಮೊಗ್ಗದಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಗೇಟಿನ ವಿಷಯದಿಂದ ಶುರು ಮಾಡುತ್ತೇನೆ.

ನ್ಯೂಯಾರ್ಕ್‌ನಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇದೆ. ಮೋಮಾ ಅಂತ ಕರೆಯುತ್ತಾರೆ. 1937ರಲ್ಲಿ ಅಲ್ಲಿ ಕಲಾ ಶಿಕ್ಷಣದ ಕೆಲಸ ನೋಡಿಕೊಳ್ಳಲು ವಿಕ್ಟರ್ ಡಿ'ಅಮಿಕೊ ಎಂಬ ಮೇಷ್ಟ್ರು ಬಂದರು. 1942ರಿಂದ ಅವರು ಮಕ್ಕಳಿಗೆಂದೇ ಒಂದು ಕಲಾ ಕಾರ್ನಿವಲ್ ನಡೆಸತೊಡಗಿದರು. ಅದರ ಗೇಟು ಮಾಮೂಲಿ ಗೇಟಲ್ಲ. ಮಗು ನಿಂತರೆ ಅದರ ಸುತ್ತ ಗೆರೆ ಎಳೆದರೆ ಹೇಗಿರುತ್ತದೋ ಆ ಆಕಾರದ ಕಿಂಡಿ. ನಾಲ್ಕು ವರ್ಷದವರ ಅಳತೆಗೆ ಒಂದು, ಹನ್ನೆರಡರವರ ಅಳತೆಗೆ ಒಂದು. ಆ ಕಿಂಡಿಯಲ್ಲಿ ತೂರಿ ಒಳಗೆ ಹೋಗಬೇಕು. ಒಳಗೆ ಮೊದಲು ಮಂದ ಬೆಳಕಿನ ಕೋಣೆ, ಮುಟ್ಟಿ ಆಡಬಹುದಾದ ಆಟಿಕೆಗಳು. ಅಲ್ಲಿ ಕಣ್ಣು, ಕೈ ಬಿಸಿಯಾದ ಮೇಲೆ ಬೆಳಕಿನ ಕೋಣೆ. ಅಲ್ಲಿ ಬಣ್ಣ, ಈಸಲ್, ಕತ್ತರಿಸಿ ಅಂಟಿಸಲು ಮೇಜು.

ಅಪ್ಪ ಅಮ್ಮ? ಅವರು ಹೊರಗೆ. ಗೇಟಿನಲ್ಲಿ ತೂರೋಕೇ ಆಗಲ್ಲವಲ್ಲ.

1962ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ಭಾರತಕ್ಕೆ ಬಂದಾಗ ದೆಹಲಿಯ ಮಕ್ಕಳಿಗೆ ಇದೇ ಕಾರ್ನಿವಲ್ ಅನ್ನು ಉಡುಗೊರೆ ಕೊಟ್ಟರು. ಇಂದಿರಾ ಗಾಂಧಿ ಅದನ್ನು ಬರಮಾಡಿಕೊಂಡರು. ಅಂದರೆ ಆ ಗೇಟು ನಮ್ಮ ದೇಶಕ್ಕೂ ಹೊಸದೇನಲ್ಲ.

ಈ ಗೇಟಿನ ಬಗ್ಗೆ ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಭಾನುವಾರ ಒಂದು ದಿನ ಮಗು ಜೊತೆ ಬಂದವರನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ ಅಂತ. ಆಮೇಲೆ ನಾನೇ ಒಂದು ಕುಟುಂಬ ಕಾರ್ಯಾಗಾರ ನಡೆಸಿದೆ. ಸಿಟ್ಟು ಇಳಿಯಿತು.

ಆ ಕಥೆ ಹೇಳುತ್ತೇನೆ. ಬೆಂಗಳೂರಿನ ಒಂದು ಮ್ಯೂಸಿಯಂ. ಹೆಸರು ಬೇಡ, ತಪ್ಪು ನನ್ನದೇ. ಹನ್ನೆರಡು ಕುಟುಂಬ, ಎರಡು ಗಂಟೆ, ರಟ್ಟಿನ ಡಬ್ಬಗಳು, ಬಣ್ಣ, ಫೆವಿಕಾಲ್. 'ನಿಮ್ಮ ಬೀದಿ ಮಾಡಿ' ಅಂತ ವಿಷಯ. ಕುಟುಂಬಕ್ಕೊಂದು ಮೇಜು, ಮೇಜಿಗೊಂದು ಬೀದಿ. ಎಷ್ಟು ಚೆನ್ನಾಗಿ ಯೋಜನೆ ಹಾಕಿದ್ದೇನೆ ಅಂತ ನನಗೇ ಹೆಮ್ಮೆ.

ಮೂರನೇ ಮೇಜಿನಲ್ಲಿ ಒಬ್ಬರು ತಂದೆ. ಇಂಜಿನಿಯರ್ ಇರಬೇಕು, ಸ್ಕೇಲ್ ಮನೆಯಿಂದಲೇ ತಂದಿದ್ದರು. ಅರ್ಧ ಗಂಟೆಯಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿತು. ದಾರ ಎಳೆದರೆ ಲಿಫ್ಟ್ ಮೇಲೆ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ನಾನೂ ಎರಡು ಸಲ ಎಳೆದು ನೋಡಿದೆ. ಅವರ ಮಗಳಿಗೆ ಆರು ವರ್ಷ. ಅವಳು ಮೇಜಿನ ಕೆಳಗೆ ಕೂತಿದ್ದಳು. ಅಂಗೈಗೆ ಫೆವಿಕಾಲ್ ಸುರಿದುಕೊಂಡು, ಊದಿ ಒಣಗಿಸಿ, ಮೆಲ್ಲಗೆ ಸುಲಿಯುತ್ತಿದ್ದಳು. ನೀವೂ ಮಾಡಿದ್ದೀರಿ, ಅಲ್ವಾ? ಸುಲಿದ ಪೊರೆಯನ್ನು ಕಿಟಕಿ ಕಡೆ ಹಿಡಿದು, 'ಆಂಟಿ, ನನ್ ಕೈ ಗೆರೆ ಎಲ್ಲಾ ಇದ್ರಲ್ಲಿ ಬಂದ್ಬಿಟ್ಟಿದೆ' ಅಂದಳು. ಬಂದಿತ್ತು. ಆಯುಷ್ಯ ರೇಖೆ, ಬೆರಳ ಸಂದಿನ ಸುಕ್ಕು, ಎಲ್ಲಾ. ಅಷ್ಟರಲ್ಲಿ ಮೇಲಿಂದ ದನಿ: 'ಗಲೀಜು ಮಾಡ್ಕೋಬೇಡ ಪುಟ್ಟಾ, ಎಸಿ ಅದನ್ನ. ಬಾ, ಲಿಫ್ಟ್ ನೋಡು.'

ಕೊನೆಗೆ ಅಭಿಪ್ರಾಯದ ಹಾಳೆ ಕೊಟ್ಟೆವು. ಆ ತಂದೆ ಐದಕ್ಕೆ ಐದು ಸ್ಟಾರ್ ಹಾಕಿದರು. 'ಸರ್ಟಿಫಿಕೇಟ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು' ಅಂತಲೂ ಬರೆದರು. ಹನ್ನೆರಡು ಮೇಜುಗಳಲ್ಲಿ ಒಂಬತ್ತು ಬೀದಿ ದೊಡ್ಡವರು ಕಟ್ಟಿದ್ದು. ಹುಡುಗ ಹುಡುಗಿಯರು ಟೇಪ್ ಹಿಡಿದುಕೊಂಡು ಸಹಾಯಕರಾಗಿ ನಿಂತಿದ್ದರು. ಮೇಸ್ತ್ರಿ ಕೈಕೆಳಗಿನ ಆಳಿನ ಥರ.

ಅವರ ಮೇಲೆ ದೂರು ಹೇಳುತ್ತಿಲ್ಲ. ಆ ತಂದೆಗೂ ಕೈಯಲ್ಲಿ ಏನಾದರೂ ಮಾಡಿ ಎಷ್ಟು ವರ್ಷವಾಗಿತ್ತೋ ಏನೋ. ರಟ್ಟು, ಕಟರ್ ಸಿಕ್ಕ ಕೂಡಲೇ ಮೈಮರೆತರು. ತಪ್ಪಿದ್ದದ್ದು ನನ್ನ ಏರ್ಪಾಡಿನಲ್ಲಿ. ಮೇಜಿಗೆ ಒಂದೇ ಕೆಲಸ ಇಟ್ಟರೆ ಅದು ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಕೈಗೇ ಹೋಗುತ್ತದೆ.

ಅಂದಿನಿಂದ ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಅಪ್ಪನಿಗೆ ಬೇರೆ ಹಾಳೆ ಕೊಡಿ. ಅಮ್ಮನಿಗೂ, ಅಜ್ಜಿಗೂ. ನೋಡಲು ಬಂದ ಚಿಕ್ಕಪ್ಪನಿಗೂ ಒಂದು ಹಾಳೆ. ಸುಮ್ನೆ ನಿಂತು ಫೋಟೊ ತೆಗೆಯುವ ಕೆಲಸ ಯಾರಿಗೂ ಇಲ್ಲ. ಇದರ ಜೊತೆ ಒಂದು ಉಪಾಯ: ಮೊದಲ ಹತ್ತು ನಿಮಿಷ ದೊಡ್ಡವರು ಎಡಗೈಯಲ್ಲಿ ಬರೆಯಬೇಕು. ಎಡಚರಾದರೆ ಬಲಗೈ. ಎಲ್ಲರ ಗೆರೆಯೂ ಸೊಟ್ಟಗಾಗುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. 'ಅಪ್ಪಾ, ಪರವಾಗಿಲ್ಲ, ಇನ್ನೊಂದ್ ಸಲ ಟ್ರೈ ಮಾಡು' ಅಂತ ಐದು ವರ್ಷದವನು ಹೇಳಿದ್ದನ್ನು ಕೇಳಿದ್ದೇನೆ. ಆ ಮಾತು ಅವನಿಗೆ ಯಾರು ಹೇಳಿಕೊಟ್ಟರು ಅಂತ ಕೇಳಬೇಕಿಲ್ಲ. ಮನೆಯಲ್ಲಿ ದಿನಾ ಅವನಿಗೆ ಹೇಳುವ ಮಾತೇ ಅದು.

ಸ್ವಲ್ಪ ದಾರಿ ತಪ್ಪುತ್ತೇನೆ. ಇಲ್ಲಿ ಮೇಷ್ಟ್ರುಗಳು ಜಾಸ್ತಿ ಇದ್ದೀರಿ. ಮಗುವಿಗೆ ಖಾಲಿ ಹಾಳೆ ಕೊಟ್ಟು 'ಏನು ಬೇಕಾದರೂ ಬರಿ' ಅಂದರೆ ಏನು ಬರುತ್ತದೆ? ಎರಡು ಗುಡ್ಡ, ಮಧ್ಯೆ ಅರ್ಧ ಸೂರ್ಯ. ಗುಡ್ಡದಿಂದ ಇಳಿಯುವ ಹೊಳೆ. ಒಂದು ಮನೆ, ಪಕ್ಕದಲ್ಲಿ ತೆಂಗಿನ ಮರ. ಆಕಾಶದಲ್ಲಿ ನಾಲ್ಕು ಹಕ್ಕಿ, ಇಂಗ್ಲಿಷಿನ ಎಂ ಅಕ್ಷರದ ಥರ. ಮಲೆನಾಡಿನ ಹುಡುಗನೂ ಅದೇ ಬರೆಯುತ್ತಾನೆ, ಬಯಲುಸೀಮೆಯ ರಾಯಚೂರಿನ ಹುಡುಗಿಯೂ ಅದೇ ಬರೆಯುತ್ತಾಳೆ. ನಾನೂ ಅದನ್ನೇ ಬರೆದು ಒಂದು ಸ್ಪರ್ಧೆಯಲ್ಲಿ ಸ್ಟೀಲ್ ಲೋಟ ಗೆದ್ದವಳು. ಡಿ'ಅಮಿಕೊ ಅವರಿಗೆ ಸ್ಪರ್ಧೆ ಅಂದರೆ ಆಗುತ್ತಿರಲಿಲ್ಲ. ಬಣ್ಣ ತುಂಬುವ ಪುಸ್ತಕವೂ ಆಗುತ್ತಿರಲಿಲ್ಲ. ಬಹುಮಾನ ಇದೆ ಅಂದರೆ ಮಗು ಗೆಲ್ಲುವ ಚಿತ್ರ ಬರೆಯುತ್ತದೆ, ತನ್ನ ಚಿತ್ರ ಬರೆಯುವುದಿಲ್ಲ. ಹಾಗಂತ 'ಏನು ಬೇಕಾದರೂ ಬರಿ' ಅನ್ನುವುದೂ ಮದ್ದಲ್ಲ. ಅದಕ್ಕೆ ಬರುವ ಉತ್ತರವೇ ಆ ಎರಡು ಗುಡ್ಡ.

ಹಾಗಾದರೆ ಏನು ಹೇಳಬೇಕು? ಇಟಲಿಯಲ್ಲಿ ಬ್ರೂನೊ ಮುನಾರಿ ಅಂತ ಒಬ್ಬ ಕಲಾವಿದ ಇದ್ದರು. 1977ರಲ್ಲಿ ಮಿಲಾನ್‌ನ ಬ್ರೆರಾ ಕಲಾ ಮ್ಯೂಸಿಯಂ ಒಳಗೆ ಮಕ್ಕಳ ಕಾರ್ಯಾಗಾರ ಶುರು ಮಾಡಿದರು. ಅವರ ದಾರಿ ಸರಳ. ಏನು ಮಾಡಬೇಕು ಅಂತ ಹೇಳಬೇಡಿ, ಹೇಗೆ ಮಾಡಬಹುದು ಅಂತ ತೋರಿಸಿ. ಬಾಯಲ್ಲಿ ಹೇಳಿದರೆ ಅರ್ಥವಾಗಲಿಕ್ಕಿಲ್ಲ, ಮಾಡಿಯೇ ನೋಡೋಣ.

ನಿಮ್ಮ ಕೈಯಲ್ಲಿ ಇವತ್ತಿನ ಕಾರ್ಯಕ್ರಮದ ಹಾಳೆ ಇದೆಯಲ್ಲ, ಅದರ ಅಂಚಿನಿಂದ ಎರಡು ಬೆರಳು ಅಗಲದ ಉದ್ದನೆ ಪಟ್ಟಿ ಹರಿಯಿರಿ. ಕತ್ತರಿ ಬೇಡ, ಕೈಯಲ್ಲೇ. ಪಟ್ಟಿಯನ್ನು ನೆಟ್ಟಗೆ ಹಿಡಿಯಿರಿ. ಮೇಲಿನಿಂದ ನಡುವೆ ಸೀಳಿ, ಅರ್ಧಕ್ಕೆ ನಿಲ್ಲಿಸಿ. ಈಗ ಎರಡು ಕೊಂಬೆ. ಒಂದೊಂದು ಕೊಂಬೆಯನ್ನೂ ಮತ್ತೆ ಮೇಲಿನಿಂದ ಸೀಳಿ, ಇನ್ನೂ ಸ್ವಲ್ಪ ಮೇಲೆ ನಿಲ್ಲಿಸಿ. ನಾಲ್ಕು. ಆಗುವುದಾದರೆ ಇನ್ನೊಂದು ಸಲ. ಈಗ ಬೆರಳಲ್ಲಿ ಬಿಡಿಸಿ, ಎಡಕ್ಕೆ ಬಲಕ್ಕೆ ಬಾಗಿಸಿ.

ಮರ ಆಯಿತಲ್ಲ? ಕೊಂಬೆ ಕವಲೊಡೆದಷ್ಟೂ ಸಣ್ಣಗಾಗುತ್ತದೆ. ಮರದ ಗುಟ್ಟು ಅಷ್ಟೇ. ಅದು ಮುನಾರಿ ತೋರಿಸಿಕೊಟ್ಟದ್ದು. ಈಗ ಪಕ್ಕದವರ ಮರ ನೋಡಿ. ನಿಮ್ಮದರ ಥರ ಇಲ್ಲ. ಮೂರನೇ ಸಾಲಿನ ಸರ್, ನಿಮ್ಮದು ಪೂರ್ತಿ ಹರಿದುಹೋಯಿತಾ? ಅದು ಗಾಳಿಗೆ ಮುರಿದ ಕೊಂಬೆ, ಪಕ್ಕದಲ್ಲಿಡಿ, ಅಂಟಿಸುವಾಗ ಬೇಕಾಗುತ್ತದೆ. ನಾನು ಹೇಗೆ ಸೀಳುವುದು ಅಂತ ಮಾತ್ರ ಹೇಳಿದೆ. ತೆಂಗಿನ ಮರ ಬರಿ ಅಂದಿದ್ದರೆ ಈ ಸಭೆಯಲ್ಲಿ ಒಂದೇ ಮರ ಇರುತ್ತಿತ್ತು. ಇದರಲ್ಲಿ ಇನ್ನೊಂದು ಲಾಭ ಇದೆ. ಕಾಗದ ಸೀಳುವುದರಲ್ಲಿ ನಲವತ್ತು ವರ್ಷದವರಿಗೂ ಆರು ವರ್ಷದವರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಕುಟುಂಬ ಕಾರ್ಯಾಗಾರಕ್ಕೆ ಕೆಲಸ ಹುಡುಕುವಾಗ ನಾನು ನೋಡುವುದು ಇದನ್ನೇ: ದೊಡ್ಡವರು ಇದರಲ್ಲಿ ಆಗಲೇ ಪಳಗಿದ್ದಾರಾ? ಪಳಗಿದ್ದರೆ ಬೇಡ.

ಈ ವಿಷಯದಲ್ಲಿ ಎಲ್ಲರಿಗಿಂತ ಜಾಣತನ ತೋರಿಸಿದವರು ಜಪಾನಿನ ಯಾಯೊಯಿ ಕುಸಾಮಾ. 1929ರಲ್ಲಿ ಹುಟ್ಟಿದವರು. ಕಂಡಲ್ಲೆಲ್ಲ ಚುಕ್ಕೆ ಇಡುವ ಕಲಾವಿದೆ. 2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯವರ ಜೊತೆ ಸೇರಿ ಮಕ್ಕಳಿಗಾಗಿ ಒಂದು ಕೋಣೆ ಮಾಡಿದರು. ಸೋಫಾ, ಮೇಜು, ಕುರ್ಚಿ ಎಲ್ಲಾ ಇರುವ ಮಾಮೂಲಿ ಮನೆ ಥರದ ಕೋಣೆ, ಆದರೆ ಗೋಡೆಯಿಂದ ಹಿಡಿದು ಎಲ್ಲವೂ ಬಿಳಿ. ಒಳಗೆ ಹೋಗುವವರ ಕೈಗೆ ಬಣ್ಣದ ಗುಂಡು ಸ್ಟಿಕ್ಕರ್‌ಗಳ ಹಾಳೆ. ಎಲ್ಲಿ ಬೇಕಾದರೂ ಅಂಟಿಸಿ. ದಿನ ಕಳೆದಂತೆ ಬಿಳಿ ಕೋಣೆ ಚುಕ್ಕೆಗಳಲ್ಲಿ ಮುಳುಗಿಹೋಗುತ್ತದೆ. ಆಮೇಲೆ ಲಂಡನ್‌ನ ಟೇಟ್ ಮಾಡರ್ನ್ ಮ್ಯೂಸಿಯಂಗೂ ಈ ಕೋಣೆ ಬಂತು. ಸ್ಟಿಕ್ಕರ್ ಅಂಟಿಸಲು ಯಾರಿಗೂ ಯಾವ ವಿದ್ಯೆಯೂ ಬೇಡ. ನನಗಿಂತ ನೀನು ಚೆನ್ನಾಗಿ ಅಂಟಿಸಿದೆ ಅನ್ನಲು ಆಗುವುದಿಲ್ಲ. ಡಿ'ಅಮಿಕೊ ದೊಡ್ಡವರನ್ನು ಗೇಟಿನ ಆಚೆ ನಿಲ್ಲಿಸಿದರು. ಕುಸಾಮಾ ದೊಡ್ಡವರನ್ನೂ ಒಳಗೆ ಬಿಟ್ಟರು, ಆದರೆ ಅವರ ಕೈಚಳಕವನ್ನು ಬಾಗಿಲಲ್ಲೇ ಕಳಚಿಡಿಸಿದರು.

ನಾವೂ ಇದನ್ನು ನಮ್ಮ ಬಜೆಟ್ಟಿನಲ್ಲಿ ಮಾಡಿದೆವು. ಗುಜರಿಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು. ಬಿಳಿ ಬಣ್ಣ ಬಳಿದೆವು. ಸ್ಟಿಕ್ಕರ್ ಎಲ್ಲಿಂದ ತರೋಣ ಅಂತ ಯೋಚಿಸುತ್ತಿದ್ದಾಗ ನಮ್ಮಲ್ಲಿ ಕಸ ಗುಡಿಸುವ ಅಕ್ಕ, 'ಸ್ಟಿಕ್ಕರ್ ಬೊಟ್ಟು ಇಲ್ವಾ ಮೇಡಂ' ಅಂದರು. ತಲೆಗೆ ಹೊಳೆದೇ ಇರಲಿಲ್ಲ! ಭಾರತಿ ಖೇರ್ ಅಂತ ದೆಹಲಿಯ ಕಲಾವಿದೆ 2006ರಲ್ಲಿ ನೆಲಕ್ಕೆ ಕುಸಿದ ಒಂದು ಆನೆಯ ಪ್ರತಿಮೆ ಮಾಡಿ, ಅದರ ಮೈತುಂಬ ಬಿಂದಿ ಅಂಟಿಸಿದ್ದಾರೆ. ಆ ಚಿತ್ರವನ್ನು ನಾನೇ ಎಷ್ಟೋ ಜನಕ್ಕೆ ತೋರಿಸಿದ್ದೆ. ಆದರೂ ಬೊಟ್ಟಿನ ನೆನಪು ಮಾಡಿಕೊಡಲು ಅಕ್ಕನೇ ಬೇಕಾಯಿತು. ಮಾರ್ಕೆಟ್ಟಿಗೆ ಹೋಗಿ ಡಜನ್‌ಗಟ್ಟಲೆ ಪ್ಯಾಕೆಟ್ ತಂದೆವು.

ಅವತ್ತು ಒಬ್ಬರು ತಂದೆ ಮೊದಲು ದೂರ ನಿಂತಿದ್ದರು. ಬೊಟ್ಟು ಅಂದರೆ ಹೆಂಗಸರ ವಸ್ತು, ಕೈಗೆ ತೆಗೆದುಕೊಳ್ಳಲು ಸಂಕೋಚ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಕಾಣಿಸಲಿಲ್ಲ. ನೆಲದ ಮೇಲೆ ಅಂಗಾತ ಮಲಗಿದ್ದರು, ಕಾರಿನ ಕೆಳಗೆ ಮೆಕ್ಯಾನಿಕ್ ಮಲಗುತ್ತಾನಲ್ಲ ಹಾಗೆ. ಕುರ್ಚಿಯ ಕೆಳಭಾಗಕ್ಕೆ ಸಣ್ಣ ಸಣ್ಣ ಕಪ್ಪು ಬೊಟ್ಟಿನ ಸಾಲು ಹಾಕುತ್ತಿದ್ದರು. ಇಪ್ಪತ್ತು ನಿಮಿಷ ಎದ್ದೇಳಲಿಲ್ಲ. ಯಾರಿಗೂ ಕಾಣದ ಜಾಗ ಅದು. ಮಗ ಬಂದು ಪಕ್ಕದಲ್ಲೇ ಮಲಗಿದ. ಇಬ್ಬರೂ ಏನೂ ಮಾತಾಡಲಿಲ್ಲ.

ಈಗ ನಿಮ್ಮಲ್ಲಿ ಕೆಲವರ ಮುಖ ನೋಡಿದರೆ ಗೊತ್ತಾಗುತ್ತಿದೆ. 'ಇದೆಲ್ಲ ಸರಿ, ಈ ಸಮಕಾಲೀನ ಕಲೆ ನಮಗೇ ಅರ್ಥವಾಗಲ್ಲ, ಮಕ್ಕಳಿಗೆ ಏನು ತೋರಿಸೋದು' ಅಂತ. ಇದಕ್ಕೆ ಉತ್ತರ ನಿಮ್ಮ ಪಕ್ಕದ ಊರಿನಲ್ಲೇ ಇದೆ. ಶೀಲಾ ಗೌಡ ಹುಟ್ಟಿದ್ದು ಭದ್ರಾವತಿಯಲ್ಲಿ, 1957ರಲ್ಲಿ. ಪೇಂಟಿಂಗ್ ಕಲಿತವರು, 90ರ ದಶಕದಲ್ಲಿ ಸಗಣಿಯಲ್ಲಿ ಕೆಲಸ ಮಾಡತೊಡಗಿದರು. ಆಮೇಲೆ ಕುಂಕುಮ, ದಾರ, ಸೂಜಿ, ಕೂದಲು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ, ಅಂದರೆ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ, ಅವರ ಒಂದು ದೊಡ್ಡ ಕೆಲಸ ಇತ್ತು, ಈಗ ಅದು ಟೇಟ್‌ನ ಸಂಗ್ರಹದಲ್ಲಿದೆ. ಗೋಡೆಯ ಮೇಲೆ ಕಾರಿನ ಸ್ಟೀಲ್ ಬಂಪರ್‌ಗಳು. ಅವುಗಳಿಗೆ ಸುತ್ತಿಕೊಂಡು, ಜೋತು ಬಿದ್ದು, ನೆಲದ ಮೇಲೆ ರಾಶಿಯಾಗಿ ಹರಡಿದ ಕಪ್ಪು ಹಗ್ಗ. ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ, ಸುಮಾರು ನಾಲ್ಕು ಕಿಲೋಮೀಟರ್ ಉದ್ದ. ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಬಂಪರ್‌ಗೆ ಕಟ್ಟುತ್ತಾರಲ್ಲ, ಅದೇ ಹಗ್ಗ.

ಈ ಕೃತಿಯ ದೊಡ್ಡ ಫೋಟೊ ಇಟ್ಟುಕೊಂಡು ಒಂದು ಭಾನುವಾರ ಕಾರ್ಯಾಗಾರ ಮಾಡಿದೆವು. ಹಳೇ ಬಟ್ಟೆ ಸೀಳಿ ಹಗ್ಗ ಹೊಸೆಯುವುದು. ಒಂದು ಕುಟುಂಬದಲ್ಲಿ ಅಪ್ಪ, ಅಮ್ಮ, ಎಂಟು ವರ್ಷದ ಹುಡುಗ, ಮಂಡ್ಯ ಕಡೆಯ ಅಜ್ಜಿ. ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತರು. ನಾನು ಬಟ್ಟೆ ಕೊಡಲು ಹೋದರೆ, 'ನಂಗಿವೆಲ್ಲ ಬರಾಕಿಲ್ಲ ಕಣವ್ವ, ನಾನು ಸುಮ್ಕೆ ಕೂತಿರ್ತೀನಿ' ಅಂದರು.

ಹುಡುಗ ಫೋಟೊ ನೋಡಿದ. 'ಇದು ಯಾರ ಕೂದ್ಲು?' ಅಂದ. ಅವನ ಅಪ್ಪ, 'ಅದು ನಿಜವಾದ ಕೂದ್ಲಲ್ಲ ಪುಟ್ಟ' ಅಂದುಬಿಟ್ಟರು. ನಾನು, ಅಲ್ಲ, ನಿಜವಾದದ್ದೇ, ದೇವಸ್ಥಾನಗಳಲ್ಲಿ ಮುಡಿ ಕೊಡುತ್ತಾರಲ್ಲ ಆ ಕೂದಲು, ಉದ್ದದ್ದು ವಿಗ್ ಮಾಡಲು ಹೋಗುತ್ತದೆ, ಗಿಡ್ಡದ್ದು ಹಗ್ಗಕ್ಕೆ ಅಂದೆ. ಅಮ್ಮ ಮುಖ ಸಿಂಡರಿಸಿದರು. ಅಜ್ಜಿ ಕುರ್ಚಿಯಿಂದ ಎದ್ದು ಫೋಟೊ ಹತ್ತಿರ ಬಂದರು. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ನೋಡಿದರು. 'ಇವ್ನ ಅಪ್ಪಂಗೆ ಮೂರು ವರ್ಷದಾಗ ಜ್ವರ ಬಂದು ಉಳಿಯಾಕಿಲ್ಲ ಅಂದ್ರು. ಮಾದಪ್ಪನ ಬೆಟ್ಟದಾಗ ಮುಡಿ ಕೊಟ್ಟಿದ್ದೆ. ಸೊಂಟದ ತಂಕ ಇತ್ತು' ಅಂದರು. ಆಮೇಲೆ ಫೋಟೊದ ಹಗ್ಗದ ಮೇಲೆ ಬೆರಳಿಟ್ಟು, 'ಇದ್ರಾಗ್ ಇದ್ರೂ ಇರ್ಬೋದು' ಅಂದರು.

ಆ ತಂದೆಗೆ ಈ ವಿಷಯವೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಮಾತ್ರ, 'ಅಜ್ಜಿ, ನೀನು ಮೊಟ್ಟೆ ಆಗಿದ್ಯಾ?' ಅಂತ ನಗುತ್ತಿದ್ದ. ಅಜ್ಜಿ ನೆಲದ ಮೇಲೆ ಕೂತರು. ಬಟ್ಟೆಯ ಎಳೆ ತೆಗೆದುಕೊಂಡು, ಒಂದು ತುದಿ ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ಹೊಸೆಯತೊಡಗಿದರು. ನಾನು ಯೂಟ್ಯೂಬ್ ನೋಡಿ ಕಲಿತು ಬಂದಿದ್ದು ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದಲ್ಲಿ ಮೂರು ಬೇರೆ ಮೇಜಿನವರು ಬಂದು ಅವರ ಸುತ್ತ ಕೂತಿದ್ದರು. ಎರಡೆಳೆ ಹೊಸೆಯುವಾಗ ಒಂದೊಂದನ್ನೂ ಒಂದು ಕಡೆಗೆ ತಿರುಚಬೇಕು, ಎರಡನ್ನೂ ಸೇರಿಸುವಾಗ ಅದರ ವಿರುದ್ಧ. ಆಗಲೇ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. 'ಬತ್ತಿ ಹೊಸೆದಂಗಲ್ಲ, ಬಿಗಿ ಬೇಕು' ಅಂತ ಒಬ್ಬ ಸಾಫ್ಟ್‌ವೇರ್ ಹುಡುಗನ ಕೈ ಮೇಲೆ ಒಂದು ಏಟು ಕೊಟ್ಟರು. ನನ್ನ ನಿಯಮದ ಪ್ರಕಾರ, ಆಗಲೇ ಪಳಗಿದವರು ಇರುವ ಕೆಲಸ ಕೊಡಬಾರದು. ಅವತ್ತು ಆ ನಿಯಮ ಮುರಿಯಿತು. ಮುರಿದದ್ದೇ ಒಳ್ಳೆಯದಾಯಿತು, ಯಾಕೆಂದರೆ ಪಳಗಿದ್ದವರು ಆ ಮನೆಯಲ್ಲಿ ಯಾವತ್ತೂ ಮಾತು ನಡೆಯದೆ ಇದ್ದವರು.

ಗ್ಯಾಲರಿ ಒಳಗಿನ ಶಿಸ್ತಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೃತಿಗಳ ಹತ್ತಿರ ಪೆನ್ಸಿಲ್ ಮಾತ್ರ. ಪೆನ್ನು, ನೀರು, ಬಣ್ಣ ಇಲ್ಲ. ಅದೆಲ್ಲ ಬೇರೆ ಕೋಣೆಯಲ್ಲಿ. 'ಮುಟ್ಟಬೇಡ' ಅಂತ ಹೇಳುವುದಕ್ಕಿಂತ 'ಕೈ ಹಿಂದೆ ಕಟ್ಟಿಕೊಂಡು, ಮೂಗು ಮಾತ್ರ ಮುಂದೆ' ಅಂದರೆ ಮಕ್ಕಳು ಆಟದ ಥರ ಕೇಳುತ್ತಾರೆ. ಒಂದು ಭೇಟಿಗೆ ಎರಡು ಕೃತಿ ಸಾಕು. ಮೂರನೆಯದಕ್ಕೆ ಹೋದರೆ ಯಾರಿಗಾದರೂ ಬಾತ್‌ರೂಮ್ ನೆನಪಾಗುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ದೊಡ್ಡ ಮರಗಳ ಅಂಗಳ, ಮಕ್ಕಳು ಓಡಾಡಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಮ್ಯಾಪ್ ತೆರೆಯಿತು, ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ.

ಚಹಾದ ಹೊತ್ತಿನಲ್ಲಿ ಸಾಗರದ ಒಬ್ಬರು ಮೇಡಂ ಕೇಳಿದರು: ನಮ್ಮೂರಲ್ಲಿ ಮ್ಯೂಸಿಯಂ ಇಲ್ಲ, ದುಡ್ಡೂ ಇಲ್ಲ, ಏನು ಮಾಡೋಣ? ಶಾಲೆಯ ಜಗಲಿ ಸಾಕು. 1956ರಲ್ಲಿ ಜಪಾನಿನ ಕಲಾವಿದ ಯೋಶಿಹಾರಾ ಜಿರೊ ಒಂದು ಪಾರ್ಕಿನಲ್ಲಿ ದೊಡ್ಡ ಬೋರ್ಡ್ ನಿಲ್ಲಿಸಿ, ಬಂದವರು ಬರೆಯಲಿ ಅಂತ ಬಿಟ್ಟರು. ಕಲೆ ಅಂದರೆ ಅಷ್ಟೇ. ಅದರ ನೆನಪಲ್ಲಿ 2021ರಲ್ಲಿ ಟೇಟ್ ಮಾಡರ್ನ್‌ನವರು ತಮ್ಮ ದೊಡ್ಡ ಹಾಲಿನ ನೆಲವನ್ನೇ ಜನರಿಗೆ ಬರೆಯಲು ಬಿಟ್ಟರು. ನೆಲದ ಮೇಲೆ ಬರೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಬೆಳಗಾದರೆ ರಂಗೋಲಿ ಹಾಕುವವರು ನಾವು. ಎಲ್ಲರನ್ನೂ ಕರೆಸಿ. ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ ಕೊಡಿ.

ಅಂಟಿಗೆ ದುಡ್ಡು ಹಾಕಬೇಡಿ, ಮೈದಾ ಗೋಂದು ಸಾಕು. ಒಂದು ಲೋಟ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ನಾಲ್ಕು ಲೋಟ ಕುದಿಯುವ ನೀರಿಗೆ ಕೈಯಾಡಿಸುತ್ತಾ ಹಾಕಿ. ಬಿಳಿ ಹೋಗಿ ಪಾರದರ್ಶಕ ಆದ ಕೂಡಲೇ ಇಳಿಸಿ. ಹಳೇ ಕಾಲದಲ್ಲಿ ಪುಸ್ತಕ ಕಟ್ಟುವವರು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ನೀವು ಹಾಕಬೇಡಿ, ಮಕ್ಕಳು ಬೆರಳು ನೆಕ್ಕುತ್ತಾರೆ. ಹಾಗಾಗಿ ಎರಡು ದಿನದೊಳಗೆ ಮುಗಿಸಿ. ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.